ಐದೋ, ಆರೋ, ಎಂಟೋ: ಬೆಂಗಳೂರಿನವರು ಫ್ಲೈ ರಾಡ್ ಕೊಳ್ಳುವ ಮುನ್ನ

ನನ್ನ ಮೊದಲ ಫ್ಲೈ ರಾಡ್, ಅಂದರೆ ಗರಿಯ ಹುಳು ಬೀಸಿ ಮೀನು ಹಿಡಿಯುವ ಗಾಳದ ಕೋಲು, ನೀರಿನ ಮುಖ ನೋಡುವ ಮೊದಲೇ ಮುರಿಯಿತು. ಪಾರ್ಸೆಲ್ ಬಂದ ಸಂಜೆ, ಜಯನಗರದ ಬಾಡಿಗೆ ಮನೆಯ ಹಾಲ್‌ನಲ್ಲಿ ನಾಲ್ಕೂ ತುಂಡು ಜೋಡಿಸಿ, ಕೈಗೆ ಹೇಗೆ ಕೂರುತ್ತದೆ ನೋಡೋಣ ಅಂತ ಒಮ್ಮೆ ಮೇಲೆತ್ತಿದೆ. ಒಂಬತ್ತು ಅಡಿಯ ರಾಡ್, ಹತ್ತು ಅಡಿಯ ಸೂರು, ನಡುವೆ ಮೂರರಲ್ಲಿ ತಿರುಗುತ್ತಿದ್ದ ಫ್ಯಾನು. ಟಕ್ ಅಂದದ್ದಷ್ಟೇ ಕೇಳಿಸಿತು. ತುದಿಯ ನಾಲ್ಕು ಇಂಚು ಆಮೇಲೆ ಸೋಫಾದ ಹಿಂದೆ ಸಿಕ್ಕಿತು. ಅಡುಗೆಮನೆಯಿಂದ ಹೆಂಡತಿ ಇಣುಕಿ, "ಏನ್ರೀ, ಮೀನು ಬಿತ್ತಾ?" ಅಂದಳು.

ಮುರಿದದ್ದಕ್ಕಿಂತ ದೊಡ್ಡ ತಪ್ಪು ಅದನ್ನು ಕೊಂಡದ್ದೇ. ಅದು 8 ನಂಬರ್ ರಾಡ್, ಭಾರದ ಜಾತಿ. ಕಾವೇರಿಯ ಮಹಶೀರ್, ಅಂದರೆ ಬಿಳಿಮೀನು, ಹಿಡಿಯುವ ಹಳೆಯ ಫೋಟೋಗಳನ್ನು ನೋಡಿ ನೋಡಿ ತಲೆ ಕೆಟ್ಟು ತರಿಸಿದ್ದು. ಆ ಫೋಟೋ ತೆಗೆದ ಜಾಗದಲ್ಲಿ ಈಗ ಗಾಳ ಹಾಕುವಂತೆಯೇ ಇಲ್ಲ ಎಂಬುದು ದುಡ್ಡು ಕೊಟ್ಟ ಮೇಲೆ ಗೊತ್ತಾಯಿತು. ತುದಿ ತುಂಡು ಹೊಸದಾಗಿ ತರಿಸಿಕೊಂಡೆ, ರಾಡ್ ಮಾತ್ರ ಎರಡು ವರ್ಷ ಬೀರುವಿನ ಮೇಲೆ ಮಲಗಿತ್ತು. ಕೊನೆಗೆ ಅದನ್ನೇ ಹಿಮಾಚಲದ ಟ್ರೌಟ್ ಮೀನಿನ ಹೊಳೆಗೆ ಒಯ್ದೆ. ಮಲ್ಲಿಗೆ ಬಿಡಿಸಲು ಮಚ್ಚು ಹಿಡಿದು ಹೋದ ಹಾಗಾಯಿತು.

ಹಾಗಾಗಿ ಯಾರಾದರೂ "ಯಾವ ರಾಡ್ ತಗೊಳ್ಳಲಿ?" ಅಂತ ಕೇಳಿದರೆ, ಯಾವ ಮೀನಿನ ಆಸೆ ಅಂತ ನಾನು ಕೇಳುವುದಿಲ್ಲ. ಮುಂದಿನ ಹನ್ನೆರಡು ತಿಂಗಳಲ್ಲಿ ನಿಜವಾಗಿಯೂ ಯಾವ ನೀರಿನ ದಡದಲ್ಲಿ ನಿಲ್ಲುತ್ತೀರಿ, ಅಲ್ಲಿ ನಿಲ್ಲಲು ಅನುಮತಿ ಇದೆಯಾ, ಅಲ್ಲಿಗೆ ಹೇಗೆ ಹೋಗುತ್ತೀರಿ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಆದಂತೆ.

ನಂಬರಿನ ಲೆಕ್ಕ

ಎರೆಹುಳ ಚುಚ್ಚಿ, ಬೆಂಡು ಕಟ್ಟಿ ಹಾಕುವ ನಮ್ಮ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರಿ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಇದು ಉಲ್ಟಾ. ಫ್ಲೈ ಅಂದರೆ ಕೊಕ್ಕೆಗೆ ಗರಿ, ರೋಮ, ಉಣ್ಣೆ ಸುತ್ತಿ ಹುಳುವಿನ ವೇಷ ಹಾಕಿದ್ದು. ಊದಿದರೆ ಹಾರುವಷ್ಟು ಹಗುರ. ಅದನ್ನು ಹತ್ತು ಹದಿನೈದು ಮೀಟರ್ ಆಚೆ ಇಳಿಸುವುದು ಹಿಂದಿರುವ ದಪ್ಪ ಲೈನಿನ ತೂಕ. ರಾಡ್ ಆ ಲೈನನ್ನು ಬೀಸುವ ಚಾಟಿಯ ಹಿಡಿ, ಅಷ್ಟೇ.

ರಾಡ್ ಮೇಲಿನ ನಂಬರ್ ಹೇಳುವುದು ಆ ಲೈನಿನ ತೂಕವನ್ನೇ. ಲೈನಿನ ಮೊದಲ 30 ಅಡಿಯನ್ನು ತೂಗಿ ನಂಬರ್ ಕೊಡುತ್ತಾರೆ. 4 ನಂಬರಿನ ಲೈನ್ 120 ಗ್ರೇನ್, ಅಂದರೆ 7.8 ಗ್ರಾಂ, ಚಿನ್ನದ ಅಂಗಡಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಪವನ್. 6 ನಂಬರಿನದು 160 ಗ್ರೇನ್, ಹತ್ತೂವರೆ ಗ್ರಾಂಗೆ ಒಂದು ಕೂದಲೆಳೆ ಕಡಿಮೆ. 8 ನಂಬರಿನದು 210 ಗ್ರೇನ್, ಅಂದರೆ 13.6 ಗ್ರಾಂ. ಕೇಳಲು ವ್ಯತ್ಯಾಸ ಅಲ್ಪ ಅನ್ನಿಸುತ್ತದೆ. ಗಾಳಿಯಲ್ಲಿ ಬೀಸಿದಾಗ, ಅದು ನೀರಿಗೆ ಬಿದ್ದು ಚಪ್ ಅಂದಾಗ, ವ್ಯತ್ಯಾಸ ಎಷ್ಟೆಂದು ಎದುರಿಗಿದ್ದ ಮೀನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇದರಿಂದ ಹೊರಡುವ ಮಾತು ಒಂದೇ. ದೊಡ್ಡ ಫ್ಲೈ, ಎದುರುಗಾಳಿ ಇದ್ದರೆ ನಂಬರ್ ಹೆಚ್ಚಬೇಕು. ಸಣ್ಣ ಫ್ಲೈ, ತಿಳಿನೀರು, ಬೆದರುವ ಮೀನು ಅಂದರೆ ನಂಬರ್ ಇಳಿಯಬೇಕು. ಮೀನಿನ ಗಾತ್ರ ಲೆಕ್ಕಕ್ಕೆ ಬರುವುದು ಇವೆಲ್ಲ ಆದ ಮೇಲೆ. ಅಂಗಡಿಯವರು ಮೊದಲು ಮೀನಿನ ಗಾತ್ರವನ್ನೇ ಕೇಳುತ್ತಾರೆ, ಯಾಕೆಂದರೆ ಗಿರಾಕಿಗೂ ಅದೇ ಇಷ್ಟ.

ಊರಿನ ಸುತ್ತ: ಕೆರೆ, ಕೃಷಿ ಹೊಂಡ

ಮೊದಲು ಒಂದು ಎಚ್ಚರಿಕೆ. ಬೆಂಗಳೂರಿನ ಕೆರೆ ಏರಿ ಮೇಲೆ ಸಾರ್ವಜನಿಕರು ವಾಕಿಂಗ್ ಮಾಡಬಹುದು ಅಂದಮಾತ್ರಕ್ಕೆ ಮೀನು ಹಿಡಿಯಬಹುದು ಅಂತಲ್ಲ. ಬಹಳ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟವನು ಅವನು, ಬಲೆ ಹಾಕುವವನೂ ಅವನೇ. ಕೇಳದೆ ಗಾಳ ಹಾಕಿದರೆ ಅದು ಅವನ ಪಾಲಿಗೆ ಕಳ್ಳತನ. ಇನ್ನು ಒಳಚರಂಡಿ ನೀರು ಸೇರುವ ಕೆರೆಯ ಮೀನನ್ನು ಸಿಕ್ಕರೂ ತಿನ್ನಬೇಡಿ. ನಾನು ಹೋಗುವುದು ಕನಕಪುರ ರಸ್ತೆಯಲ್ಲಿ ಸ್ನೇಹಿತನ ತೋಟದ ಕೃಷಿ ಹೊಂಡಕ್ಕೆ. ನಿಮಗೂ ಇಂಥ ಒಂದು ಪರಿಚಯ ಇದ್ದರೆ ಯಾವ ಬ್ರ್ಯಾಂಡಿನ ರಾಡಿಗಿಂತಲೂ ಅದು ದೊಡ್ಡ ಆಸ್ತಿ.

ಇಲ್ಲಿನ ರಾಜ ಜಿಲೇಬಿ ಮೀನು, ಅಂದರೆ ತಿಲಾಪಿಯ. ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದರು. ಆಮೇಲೆ ಅದನ್ನು ಯಾರೂ ಕರೆಯಬೇಕಾಗಲಿಲ್ಲ, ತಾನೇ ಎಲ್ಲ ಕಡೆ ಬಂತು. ಬೇಸಗೆಯಲ್ಲಿ ನೀರು ತಿಳಿಯಾಗಿದ್ದಾಗ ಹೊಂಡದ ಅಂಚಿನಲ್ಲಿ ಬಗ್ಗಿ ನೋಡಿ: ಕೆಸರಲ್ಲಿ ಊಟದ ತಟ್ಟೆಯಂಥ ಗುಂಡಿಗಳು, ಪ್ರತಿ ಗುಂಡಿಗೂ ಒಬ್ಬ ಯಜಮಾನ. ಮೈ ಇದ್ದಿಲಿನ ಕಪ್ಪು, ಗಲ್ಲದಡಿ ಬಿಳಿ. ಆ ಗುಂಡಿಯ ಮೇಲೆ 12 ನಂಬರ್ ಕೊಕ್ಕೆಯ (ಕೊಕ್ಕೆಯ ನಂಬರೇ ಬೇರೆ, ರಾಡಿನದಲ್ಲ) ಸಣ್ಣ ಫ್ಲೈ ನಿಧಾನವಾಗಿ ಇಳಿದರೆ ಅದಕ್ಕೆ ಹಸಿವಿರಲಿ ಬಿಡಲಿ, ಕಚ್ಚಿ ಆಚೆ ಎಸೆಯಲು ಬರುತ್ತದೆ. ಕಾಲು ಕಿಲೋದ ಮೀನು. 8 ನಂಬರ್ ರಾಡಿನಲ್ಲಿ ಅದು ಬಂದದ್ದೂ ಗೊತ್ತಾಗುವುದಿಲ್ಲ, ಒದ್ದೆ ಎಲೆ ಎಳೆದ ಹಾಗೆ. 4 ನಂಬರಿನಲ್ಲಾದರೆ ರಾಡ್ ಹಿಡಿಯವರೆಗೆ ಬಾಗಿ, ಮುಂಗೈ ನಡುಗಿ, ಹತ್ತು ಸೆಕೆಂಡ್ ನೀವು ಮತ್ತೆ ಹತ್ತು ವರ್ಷದ ಹುಡುಗ. ಈ ನೀರಿಗೆ 3 ಅಥವಾ 4 ನಂಬರ್, ಏಳೂವರೆಯಿಂದ ಎಂಟೂವರೆ ಅಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಕಾಟ್ಲಾ, ರೋಹು ಇರುವ ಹೊಂಡಕ್ಕೆ ಫ್ಲೈ ಒಯ್ದು ಬೇಸರ ಮಾಡಿಕೊಳ್ಳಬೇಡಿ. ಕಾಟ್ಲಾ ನೀರನ್ನೇ ಸೋಸಿ ಸೂಕ್ಷ್ಮಜೀವಿ ತಿನ್ನುವ ಮೀನು, ನಿಮ್ಮ ಗರಿಯ ಹುಳುವಿನ ಕಡೆ ಕಣ್ಣೆತ್ತಿ ನೋಡುವುದು ಅಪರೂಪ. ಸಾಮಾನ್ಯ ಗೆಂಡೆ ಬೇರೆ ಮಾತು. ಕೆಸರು ಕೆದಕುತ್ತಾ, ಗುಳ್ಳೆ ಎಬ್ಬಿಸುತ್ತಾ ಹೋಗುವ ಗೆಂಡೆಯ ಮೂಗಿನ ಮುಂದೆ ಫ್ಲೈ ಇಳಿಸಲು ಬಂದರೆ ಎರಡು ಮೂರು ಕಿಲೋದ ಮೀನು ಎಳೆಯುವ ಎಳೆತಕ್ಕೆ 6 ನಂಬರ್ ಬೇಕೇ ಬೇಕು.

ಕೊರವ ಮೀನಿಗೂ 7, ಇಲ್ಲವೇ 8. ಇಲ್ಲಿ ಕಾರಣ ಮೀನಿನ ಬಲ ಅಲ್ಲ, ಅದು ಇರುವ ಜಾಗ. ತಾವರೆ ಎಲೆ, ಜೊಂಡು, ಕಳೆ. ಕಪ್ಪೆಯಂತೆ ಕಾಣುವ ಹೆಬ್ಬೆರಳು ಗಾತ್ರದ ಫ್ಲೈ ಎಸೆಯಬೇಕು, ಅದಕ್ಕೆ ಕಳೆ ಸಿಕ್ಕಿಕೊಳ್ಳದಂತೆ ತಂತಿಯ ತಡೆ ಇರಬೇಕು, ಕಚ್ಚಿದ ಕ್ಷಣ ಮೀನು ಜೊಂಡಿನೊಳಗೆ ನುಗ್ಗುವ ಮೊದಲೇ ತಲೆ ತಿರುಗಿಸಬೇಕು. ಹಗುರ ರಾಡ್ ಇಷ್ಟನ್ನೂ ಮಾಡಲಾರದು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಉಂಡೆಯಾಗಿ ಕುದಿಯುವ ಮರಿಗಳ ಗುಂಪು ಕಂಡರೆ ಅದರ ಕೆಳಗೇ ಅಪ್ಪ ಅಮ್ಮ ಕಾವಲಿರುತ್ತವೆ. ಅಲ್ಲಿ ಎಸೆದರೆ ಕಚ್ಚುವುದು ಖಂಡಿತ. ಅದಕ್ಕೇ ಅಲ್ಲಿ ಎಸೆಯಬಾರದು. ತಾಯ್ತಂದೆಯನ್ನು ಎತ್ತಿದರೆ ಐದು ನಿಮಿಷದಲ್ಲಿ ಉಳಿದ ಮೀನುಗಳು ಮರಿಗಳನ್ನು ಮುಗಿಸುತ್ತವೆ.

ಕಾವೇರಿ ಮತ್ತು ಬಿಳಿಮೀನಿನ ಮೋಹ

ಬೆಂಗಳೂರಿನಲ್ಲಿ ಗಾಳದ ಹುಚ್ಚು ಹಿಡಿದ ಯಾರ ಬಾಯಲ್ಲೂ ಕೊನೆಗೆ ಬರುವ ಹೆಸರು ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ. ಒಂದು ಕಾಲದಲ್ಲಿ ದೇಶವಿದೇಶದವರು ಇಲ್ಲಿಗೆ ಬಂದು ಮಹಶೀರ್ ಹಿಡಿದು, ತೂಗಿ, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದರು. ಈ ಹರವೆಲ್ಲ ಕಾವೇರಿ ವನ್ಯಜೀವಿಧಾಮದೊಳಗೆ. 1972ರ ವನ್ಯಜೀವಿ ಕಾಯ್ದೆಯಡಿ ಅಭಯಾರಣ್ಯದಲ್ಲಿ ಹಿಡಿದು ಬಿಡುವ ಆಟಕ್ಕೂ ಜಾಗವಿಲ್ಲ ಎಂದಾಗಿ 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ನಿಂತಿತು. ಭೀಮೇಶ್ವರಿಗೆ ಈಗಲೂ ಹೋಗಬಹುದು, ಹರಿಗೋಲಲ್ಲಿ ಕೂರಬಹುದು, ಮೊಸಳೆ ನೋಡಬಹುದು. ರಾಡ್ ಮನೆಯಲ್ಲೇ ಇರಲಿ.

ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಹಳೆಯ ಗಾಳಗಾರರು ಇಂದಿಗೂ ಜಗಳವಾಡುತ್ತಾರೆ. ಗಾಳದವರು ಕಾವಲಿದ್ದಾಗ ಡೈನಮೈಟ್ ಹಾಕುವವರು ಹೆದರುತ್ತಿದ್ದರು ಎಂಬ ವಾದದಲ್ಲಿ ತಿರುಳಿದೆ. ಆದರೆ ಕಾವೇರಿಯ ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಹೆಸರು ಸಿಕ್ಕ ವರ್ಷವೇ ಮೀನು ತೀವ್ರ ಅಪಾಯದ ಪಟ್ಟಿ ಸೇರಿತು. ಅಂಥದಕ್ಕೆ ಕೊಕ್ಕೆ ಚುಚ್ಚುವ ಧೈರ್ಯ ನನಗಂತೂ ಇಲ್ಲ.

ರಾಡ್ ಆಯ್ಕೆಗೆ ಬೇಕಾದ ಇನ್ನೊಂದು ಸಂಗತಿ ಆ ಹಳೆಯ ಫೋಟೋಗಳಲ್ಲಿ ಅಡಗಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ದಾಟಿದ ಮಹಶೀರ್. ಅಂಥವನ್ನು ಯಾರೂ ಫ್ಲೈ ರಾಡಿನಲ್ಲಿ ಎತ್ತಲಿಲ್ಲ. ಭೀಮೇಶ್ವರಿಯ ದೊಡ್ಡ ಮೀನುಗಳಿಗೆ ಹಾಕುತ್ತಿದ್ದದ್ದು ಬೇಯಿಸಿದ ರಾಗಿಹಿಟ್ಟಿನ ಉಂಡೆ. ನಮ್ಮ ಮುದ್ದೆಯ ಚಿಕ್ಕ ತಮ್ಮ. ಅದಕ್ಕೆ ಬೇಕಾಗುತ್ತಿದ್ದದ್ದು ಒನಕೆಯಂಥ ರಾಡು, ಹಗ್ಗದಂಥ ದಾರ. ಆ ಫೋಟೋ ನೋಡಿ ಫ್ಲೈ ರಾಡ್ ಕೊಂಡ ನನ್ನಂಥವನು ಕುಸ್ತಿ ನೋಡಿ ಬಂದು ಕೇರಂ ಬೋರ್ಡ್ ಕೊಂಡ ಹಾಗೆ.

ಹಾಗಿದ್ದರೆ ಮಹಶೀರ್‌ಗೆ ಫ್ಲೈ ರಾಡೇ ಬೇಡವಾ? ಬೇಕು, ಐದಾರು ಕಿಲೋದೊಳಗಿನ ಮೀನಿಗೆ, ಅನುಮತಿ ಇರುವ ನೀರಿನಲ್ಲಿ. ಕೊಡಗಿನಲ್ಲಿ ಕುಶಾಲನಗರದ ಹತ್ತಿರ ವಾಲ್ನೂರಿನ ಕಡೆ ಕೊಡಗು ವನ್ಯಜೀವಿ ಸಂಘದವರು ಕಾಯುತ್ತಾ ಬಂದ ಹೊಳೆಯ ಹರವಿದೆ. ಹೊರಡುವ ಮೊದಲು ವಿಚಾರಿಸಿ, ಪರವಾನಗಿ ಕೈಗೆ ಬಂದ ಮೇಲೆ ಬ್ಯಾಗ್ ಕಟ್ಟಿ. ಉತ್ತರಾಖಂಡದ ರಾಮಗಂಗಾ, ಕಾಳಿ ಮತ್ತು ಸರಯೂ ಸೇರುವ ಪಂಚೇಶ್ವರ, ಇವೆಲ್ಲ ಬಂಗಾರದ ಮಹಶೀರಿನ ನೀರು. ಇಲ್ಲಿ 8 ನಂಬರ್, ಒಂಬತ್ತು ಅಡಿ. ದೊಡ್ಡ ಹೊಳೆಗೆ 9. ರೀಲಿನಲ್ಲಿ ಲೈನಿನ ಹಿಂದೆ ಕನಿಷ್ಠ 150 ಮೀಟರ್ ಹೆಚ್ಚುವರಿ ದಾರ. ಮಹಶೀರಿನ ಮೊದಲ ಓಟ ಪ್ರವಾಹದ ದಿಕ್ಕಿಗೇ, ಅದರ ಹಿಂದೆ ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ನೀವೂ ಓಡಬೇಕು. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆ ಹಲ್ಲು ಕೊಕ್ಕೆಯನ್ನೇ ಚಪ್ಪಟೆ ಮಾಡುತ್ತದೆ. ತೆಳು ಕೊಕ್ಕೆಯ ಟ್ರೌಟ್ ಫ್ಲೈಗಳು ಇಲ್ಲಿ ಕೆಲಸಕ್ಕೆ ಬಾರವು.

ಮಹಶೀರಿನ ಭುಜಬಲ ಹತ್ತಿರದಿಂದ ನೋಡಬೇಕೆಂದರೆ ಶೃಂಗೇರಿಗೆ ಹೋಗಿ. ಮಠದ ಮೆಟ್ಟಿಲಲ್ಲಿ ಕೂತು ತುಂಗೆಗೆ ಒಂದು ಹಿಡಿ ಪುರಿ ಎಸೆದು ನೋಡಿ. ಮೈಮೇಲೆ ಮೈ ಬಿದ್ದು, ನೀರು ಕಪ್ಪಾಗಿ, ತೋಳುದ್ದದ ಮೀನು ಬಾಲ ಬಡಿದು ತಿರುಗುವ ರಭಸಕ್ಕೆ ಕೊನೆಯ ಮೆಟ್ಟಿಲು ತೊಯ್ಯುತ್ತದೆ. ಅವು ದೇವರ ಮೀನು, ಅಲ್ಲಿ ಗಾಳದ ಮಾತೇ ಎತ್ತಬಾರದು. 8 ನಂಬರ್ ಯಾಕೆ ಬೇಕು ಎಂಬುದಕ್ಕೆ ಮಾತ್ರ ಅದಕ್ಕಿಂತ ಚೆನ್ನಾದ ಪಾಠ ಇನ್ನೆಲ್ಲೂ ಸಿಗದು.

ಹಿಮಾಚಲದ ಟ್ರೌಟ್

ಫ್ಲೈ ಗಾಳ ಹುಟ್ಟಿದ್ದೇ ಟ್ರೌಟ್‌ಗಾಗಿ ಅನ್ನಬಹುದು. ಟ್ರೌಟ್ ನಮ್ಮ ದೇಶದ್ದಲ್ಲ. ಬ್ರಿಟಿಷರು ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆ ತರಿಸಿ ಕಾಶ್ಮೀರದಲ್ಲಿ ಬೆಳೆಸಿದರು, ಅಲ್ಲಿಂದ ಹಿಮಾಚಲಕ್ಕೆ ಹಬ್ಬಿತು. ದಕ್ಷಿಣದಲ್ಲಿ ನೀಲಗಿರಿ, ಮುನ್ನಾರ್‌ಗಳ ಎತ್ತರದ ತಣ್ಣೀರಲ್ಲೂ ರೇನ್‌ಬೋ ಟ್ರೌಟ್ ಇದೆ. ಅಲ್ಲಿ ಕೆಲವು ನೀರು ರಾಷ್ಟ್ರೀಯ ಉದ್ಯಾನದೊಳಗೆ, ಕೆಲವು ಎಸ್ಟೇಟಿನವರ ಕೈಯಲ್ಲಿ. ಸಲೀಸಾಗಿ ನಿಲ್ಲಬಹುದಾದ ನೀರು ಬೇಕೆಂದರೆ ಹಿಮಾಚಲವೇ ಸರಿ: ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ತೆಗೆದುಕೊಂಡರಾಯಿತು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮಾತ್ರ ಟ್ರೌಟ್ ನೀರು ಬಂದ್, ಅದು ಮೊಟ್ಟೆ ಇಡುವ ಕಾಲ.

ನಾನು ನನ್ನ 8 ನಂಬರ್ ಮಚ್ಚು ಹಿಡಿದು ಹೋದದ್ದು ತೀರ್ಥನ್ ಕಣಿವೆಗೆ. ಔಟ್‌ನಲ್ಲಿ ಇಳಿದು, ಬಂಜಾರ್ ದಾಟಿ, ಗುಶೈನಿ ಹತ್ತಿರ ಹೊಳೆಗಿಳಿದೆ. ಮಾರ್ಚ್ ತಿಂಗಳು, ಮಂಡಿಯವರೆಗೆ ಹಿಮ ಕರಗಿದ ನೀರು. ಹೊಳೆ ಎಂದರೆ ನಮ್ಮ ಮಲೆನಾಡಿನ ಹಳ್ಳಕ್ಕಿಂತ ಅಷ್ಟೇನೂ ಅಗಲವಿಲ್ಲ. ಬಂಡೆಯ ಹಿಂದೆ ಚಾಪೆ ಅಗಲದ ನಿಂತ ನೀರು, ಅಲ್ಲಿ ಒಂದು ಕಂದು ಟ್ರೌಟ್, ಮೈಮೇಲೆ ಕುಂಕುಮದ ಚುಕ್ಕಿ. ಎಂಟು ಮೀಟರ್ ದೂರ. ಬೀಸಿದೆ. ನನ್ನ ಲೈನ್ ನೀರಿಗೆ ಬಿದ್ದದ್ದು ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗೆ. ಮೀನು ಎಲ್ಲಿತ್ತೋ ಅಲ್ಲಿ ಬರೀ ಮರಳು. ಇಡೀ ಬೆಳಿಗ್ಗೆ ಇದೇ ಕಥೆ. ಮಧ್ಯಾಹ್ನ ದಡದಲ್ಲಿ ಕೂತಿದ್ದ ಸ್ಥಳೀಯ ಹುಡುಗ ನನ್ನ ಕಷ್ಟ ನೋಡಲಾರದೆ ತನ್ನ ಹಳೆಯ 5 ನಂಬರ್ ರಾಡ್ ಕೊಟ್ಟ. ಹಿಡಿಯ ಕಾರ್ಕ್ ಉದುರಿತ್ತು, ಒಂದು ರಿಂಗ್ ಟೇಪಿನಲ್ಲಿ ನಿಂತಿತ್ತು. ಮೂರನೇ ಎಸೆತಕ್ಕೆ ಮೀನು ಬಂತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗಬಹುದು ನೀವು. ನನ್ನ ಕೈಯೂ ಆಗ ಚೆನ್ನಾಗಿರಲಿಲ್ಲ, ಒಪ್ಪಿದೆ. ಆದರೆ ಅವತ್ತು ನೆಲವೂ ಡೊಂಕಿತ್ತು.

ಇಂಥ ಹೊಳೆಗೆ 4 ಅಥವಾ 5 ನಂಬರ್, ಎಂಟೂವರೆ ಅಡಿ. ತೀರಾ ಕಿರಿದಾದ, ಮೇಲೆ ಕೊಂಬೆ ಬಾಗಿದ ಉಪಹಳ್ಳಕ್ಕೆ 3 ನಂಬರ್, ಏಳು ಅಡಿ. ಬಿಯಾಸ್‌ನಂಥ ಅಗಲ ಹೊಳೆಗೆ, ಗಾಳಿಗೆ, 6 ನಂಬರ್, ಒಂಬತ್ತು ಅಡಿ. ಉದ್ದನೆಯ ರಾಡಿಗೆ ಒಂದು ಲಾಭವಿದೆ: ಲೈನನ್ನು ನೀರಿನಿಂದ ಎತ್ತಿ ಹಿಡಿಯಬಹುದು, ನಡುವಿನ ಸೆಳವು ಫ್ಲೈಯನ್ನು ಎಳೆದೊಯ್ಯುವುದಿಲ್ಲ. ಸಣ್ಣ ರಾಡಿಗೆ ಒಂದೇ ಲಾಭ, ಕೊಂಬೆಗೆ ತಾಗುವುದಿಲ್ಲ. ಸೂರಿನ ಫ್ಯಾನಿಗೂ.

ಕಡಲು

ಕರಾವಳಿಗೆ ಹೋಗುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ನನ್ನ ಅನುಭವ ಅಘನಾಶಿನಿ ಅಳಿವೆಯ ನಾಲ್ಕು ದಿನದ್ದಷ್ಟೇ. 9 ನಂಬರ್, ಉಪ್ಪುನೀರು ತಾಳುವ ರೀಲು, ಬೆಳಿಗ್ಗೆ ಬೇಗ. ಬಿಸಿಲೇರಿದ ಮೇಲೆ ಕಡಲಗಾಳಿ ಎದ್ದರೆ ಫ್ಲೈ ನಿಮ್ಮ ಕಿವಿಗೇ ಬಂದು ಕೂರುತ್ತದೆ. ಸಂಜೆ ರಾಡು, ರೀಲು ಎರಡನ್ನೂ ಸಿಹಿನೀರಲ್ಲಿ ತೊಳೆಯದೆ ಮಲಗಬೇಡಿ.

ಗಡಸೋ, ಮೆದುವೋ

ಎರಡು ರಾಡ್‌ಗಳ ನಂಬರ್ ಒಂದೇ, ಉದ್ದ ಒಂದೇ, ಕೈಗೆ ಮಾತ್ರ ಅಣ್ಣ ತಮ್ಮ ಅಲ್ಲವೇ ಅಲ್ಲ. ಒಂದು ತುದಿಯಲ್ಲಷ್ಟೇ ಬಾಗಿ ಚಟ್ಟನೆ ನೆಟ್ಟಗಾಗುತ್ತದೆ. ಇದನ್ನು ಫಾಸ್ಟ್ ಅನ್ನುತ್ತಾರೆ. ಇನ್ನೊಂದು ಹಿಡಿಯವರೆಗೂ ಬಾಗುತ್ತದೆ, ಅದು ಸ್ಲೋ. ಫಾಸ್ಟ್ ರಾಡ್ ದೂರಕ್ಕೆ, ಗಾಳಿಗೆ, ಭಾರದ ಫ್ಲೈಗೆ ಒಳ್ಳೆಯದು, ಆದರೆ ಹೊಸಬನ ತಪ್ಪನ್ನು ಕ್ಷಮಿಸುವುದಿಲ್ಲ. ಹಿಂದಕ್ಕೆ ಬೀಸಿ ಲೈನ್ ನೇರವಾಗುವ ತನಕ ಕಾಯುವ ಆ ಅರೆಕ್ಷಣ ತಪ್ಪಿತೋ, ಎಲ್ಲ ಗೋಜಲು. ಸ್ಲೋ ರಾಡ್ ಆ ಅರೆಕ್ಷಣವನ್ನು ಕೈಗೇ ತಿಳಿಸುತ್ತದೆ. ಬಾಗಿದ್ದು ಅನುಭವಕ್ಕೆ ಬರುತ್ತದೆ. ಕಂಪನಿಗಳ ಜಾಹೀರಾತೆಲ್ಲ ಫಾಸ್ಟ್ ಪರ. ಹೊಸಬರು ಮೀಡಿಯಂ ಫಾಸ್ಟ್ ಅಂತ ಬರೆದದ್ದನ್ನು ತೆಗೆದುಕೊಂಡರೆ ಅಳಬೇಕಾಗಿಲ್ಲ.

ಅಂಗಡಿಯಲ್ಲಿ ರಾಡನ್ನು ಗಾಳಿಯಲ್ಲಿ ಅಲ್ಲಾಡಿಸಿ "ಚೆನ್ನಾಗಿದೆ" ಅನ್ನುವುದು ಚಪ್ಪಲಿಯನ್ನು ಕೈಗೆ ಹಾಕಿ ನೋಡಿದ ಹಾಗೆ. ಲೈನ್ ಕಟ್ಟಿ, ಬಯಲಲ್ಲಿ ಬೀಸಿಯೇ ನೋಡಬೇಕು. ನಾನು ಭಾನುವಾರ ಬೆಳಿಗ್ಗೆ ಆರಕ್ಕೆ ಮನೆ ಹತ್ತಿರದ ಆಟದ ಮೈದಾನಕ್ಕೆ ಹೋಗುತ್ತೇನೆ, ಕ್ರಿಕೆಟ್ ಹುಡುಗರು ಬರುವ ಮೊದಲು. ಕೊಕ್ಕೆಯ ಬದಲು ಕೆಂಪು ಉಣ್ಣೆಯ ತುಂಡು. ವಾಕಿಂಗ್ ಬಂದ ಹಿರಿಯರೊಬ್ಬರು ಮೂರು ವಾರ ಸುಮ್ಮನೆ ನೋಡಿ, ನಾಲ್ಕನೇ ವಾರ ತಡೆಯಲಾರದೆ, "ಇಲ್ಲಿ ಮುಂಚೆ ಕೆರೆ ಇತ್ತು ನಿಜ, ಆದ್ರೆ ನೀವು ಸ್ವಲ್ಪ ಲೇಟಾಗಿ ಬಂದ್ರಿ" ಅಂದರು.

ಇನ್ನು ವಸ್ತು. ಈಗ ಸಿಗುವ ಬಹುಪಾಲು ಕಾರ್ಬನ್, ಅಂದರೆ ಗ್ರ್ಯಾಫೈಟ್. 1970ರ ದಶಕದಲ್ಲಿ ಇದು ಬಂದು ಫೈಬರ್‌ಗ್ಲಾಸನ್ನು ಮೂಲೆಗೆ ತಳ್ಳಿತು. ಹಗುರ, ಚುರುಕು, ಆದರೆ ಏಟು ತಾಳದು. ಸೀಸದ ಕಣ್ಣಿನ ಭಾರದ ಫ್ಲೈ ಒಮ್ಮೆ ರಾಡಿಗೆ ಟಪ್ ಎಂದು ಬಡಿದರೆ ಅವತ್ತು ಏನೂ ಆಗುವುದಿಲ್ಲ, ಮುಂದಿನ ತಿಂಗಳು ಮೀನು ಎಳೆಯುವಾಗ ಅಲ್ಲೇ ಮುರಿಯುತ್ತದೆ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನೂ ಮರೆಯಬೇಡಿ. ಏಪ್ರಿಲ್, ಮೇ ಸಂಜೆ ಜಲಾಶಯದ ದಡದಲ್ಲಿ ಗುಡುಗು ಕೇಳಿದರೆ ರಾಡ್ ಮಡಚಿ, ತೋಟದಲ್ಲಿ ಕರೆಂಟ್ ತಂತಿಯ ಕೆಳಗೆ ಬೀಸಲೇಬೇಡಿ.

ಫೈಬರ್‌ಗ್ಲಾಸ್ ಸ್ವಲ್ಪ ಭಾರ, ಮೆದು, ಗಟ್ಟಿ. 5 ನಂಬರಿನ ಕೆಳಗೆ ಅದರ ಸುಖವೇ ಬೇರೆ. 8 ನಂಬರಿನಲ್ಲಿ ಮಾತ್ರ ತೋಳು ಸೋಲುತ್ತದೆ. ಬಿದಿರಿನ ರಾಡ್ ಎಂದರೆ ಚೀನಾದ ಟೊಂಕಿನ್ ಬಿದಿರನ್ನು ಸೀಳಿ, ಆರು ಪಟ್ಟಿ ಅಂಟಿಸಿ ಮಾಡುವ ಆರುಮೂಲೆಯ ಕುಸುರಿ. ನೋಡಲು ವೀಣೆಯಂತೆ, ಬೆಲೆಯೂ ಹಾಗೇ. ಮೊದಲ ರಾಡಾಗಿ ಬೇಡ.

ರೀಲಿಲ್ಲದ ಜಪಾನಿ ತೆಂಕಾರ ಎಂಬುದೊಂದಿದೆ. ಹನ್ನೊಂದರಿಂದ ಹದಿಮೂರು ಅಡಿಯ, ಒಂದರೊಳಗೊಂದು ಸೇರಿ ಮೊಳದುದ್ದ ಆಗುವ ಕೋಲು, ತುದಿಗೇ ಕಟ್ಟಿದ ದಾರ, ಫ್ಲೈ. ತೀರ್ಥಹಳ್ಳಿಯ ನನ್ನ ಸೋದರಮಾವನಿಗೆ ಇದನ್ನು ತೋರಿಸಿದಾಗ ಅವರು ಹಿತ್ತಲಿಗೆ ಹೋಗಿ ತಮ್ಮ ವಾಟೆ ಬಿದಿರಿನ ಗಾಳದ ಕೋಲು ತಂದು ಪಕ್ಕಕ್ಕಿಟ್ಟು, ಮಾತೇ ಆಡದೆ ನನ್ನ ಮುಖ ನೋಡಿದರು. ಸಣ್ಣ ಹಳ್ಳಕ್ಕೆ, ಅಂಗೈಯಗಲದ ಗೆಂಡೆಗೆ ತೆಂಕಾರ ಬಹಳ ಚೆಂದ, ಕಲಿಯಲು ಒಂದು ಗಂಟೆ ಸಾಕು. ದೊಡ್ಡ ಮೀನು ಸಿಕ್ಕರೆ ಬಿಡಲು ದಾರವಿಲ್ಲ, ಕೋಲನ್ನೇ ನೀರಿಗೆ ಬಿಡಬೇಕು.

ಎಷ್ಟು ತುಂಡು

ಬೆಂಗಳೂರಿನವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ನೀರೆಲ್ಲ ಒಂದು ರಾತ್ರಿ ಬಸ್ಸಿನಾಚೆ. ಎರಡು ತುಂಡಿನ ರಾಡ್ ಮರೆತುಬಿಡಿ. ಒಂಬತ್ತು ಅಡಿಯ ನಾಲ್ಕು ತುಂಡಿನದು ಕೊಳವೆಯಲ್ಲಿಟ್ಟರೆ ಮುಕ್ಕಾಲು ಮೀಟರ್. ಕುಶಾಲನಗರದ ರಾತ್ರಿ ಬಸ್ಸಿನಲ್ಲಿ ಮಂಡಿ ನಡುವೆ ಇಟ್ಟು ಕೂರಬಹುದು, ಕಂಡಕ್ಟರ್ "ಏನ್ ಸಾರ್, ಗನ್ನಾ?" ಅಂತ ಒಮ್ಮೆ ಕೇಳುತ್ತಾರೆ, ಅಷ್ಟೇ. ವಿಮಾನದ ಕೈಚೀಲದ ಮಿತಿ 55 ಸೆಂಟಿಮೀಟರ್, ಅದರಲ್ಲಿ ಇದು ಕೂರದು, ಲಗೇಜಿಗೆ ಹಾಕಬೇಕು. ಏಳು ತುಂಡಿನ ಪ್ರಯಾಣದ ರಾಡ್ ಅರ್ಧ ಮೀಟರಿನೊಳಗೆ ಮಡಚಿ ಬೆನ್ನಚೀಲದಲ್ಲೇ ಹೋಗುತ್ತದೆ. ಕೀಲು ಹೆಚ್ಚಾದಷ್ಟು ಸಡಿಲವಾಗುವ ಜಾಗವೂ ಹೆಚ್ಚು. ಕೀಲಿಗೆ ಒಂದಿಷ್ಟು ಮೇಣದಬತ್ತಿ ತಿಕ್ಕಿ, ಗಂಟೆಗೊಮ್ಮೆ ಒತ್ತಿ ನೋಡಿ. ನೀರಿನ ಬದಿಯಲ್ಲಿ ಮುರಿಯುವ ಎಷ್ಟೋ ರಾಡ್‌ಗಳು ಸಡಿಲವಾದ ಕೀಲಿನಿಂದಲೇ ಮುರಿಯುತ್ತವೆ.

ಹಾಗಾದರೆ ಯಾವುದು

ಒಂದೇ ಒಂದು ರಾಡ್ ಎಂದರೆ 6 ನಂಬರ್, ಒಂಬತ್ತು ಅಡಿ, ನಾಲ್ಕು ತುಂಡು, ಮೀಡಿಯಂ ಫಾಸ್ಟ್. ಹೊರದೇಶದ ಯಾವ ಸಲಹೆ ಓದಿದರೂ 5 ಅನ್ನುತ್ತದೆ. ಅವರ ಮನೆ ಹಿಂದೆ ಟ್ರೌಟ್ ಹೊಳೆ ಇದೆ, ನಮಗಿಲ್ಲ. ನಮಗೆ ಗೆಂಡೆ ಬೇಕು, ಸಣ್ಣ ಮಹಶೀರ್ ಬೇಕು, ಜಲಾಶಯದ ಗಾಳಿ ತಡೆಯಬೇಕು, ವರ್ಷಕ್ಕೊಮ್ಮೆ ಹಿಮಾಚಲವೂ ಆಗಬೇಕು. ಟ್ರೌಟ್‌ಗೆ 6 ಕೊಂಚ ಒರಟು, ಉದ್ದನೆಯ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಕಟ್ಟಿ ಸರಿದೂಗಿಸಬಹುದು. ಕೊರವನಿಗೆ ಕೊಂಚ ಬಡಕಲು, ಕಳೆ ಕಡಿಮೆ ಇರುವ ಕಡೆ ಎಸೆದರಾಯಿತು. ಹಿಮಾಚಲಕ್ಕೆ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಎನ್ನುವವರು ಕಣ್ಣು ಮುಚ್ಚಿ 5 ಕೊಳ್ಳಿ.

ಎರಡು ರಾಡಿಗೆ ದುಡ್ಡಿದ್ದರೆ 6 ಬೇಡ. 4 ಒಂದು, 8 ಒಂದು. ಯಾವುದೇ ಇರಲಿ, ರಾಡಿಗೆ ಸುರಿದು ಲೈನಿಗೆ ಜಿಪುಣತನ ಮಾಡಬೇಡಿ. ಸಾಧಾರಣ ರಾಡ್, ಒಳ್ಳೆಯ ಲೈನ್: ಬೀಸಲು ಬರುತ್ತದೆ. ಒಳ್ಳೆಯ ರಾಡ್, ಸುರುಳಿ ಬಿಡದ ಅಗ್ಗದ ಲೈನ್: ಬರುವುದಿಲ್ಲ. ಸಣ್ಣ ಮೀನಿಗೆ ರೀಲು ಬರೀ ದಾರ ಸುತ್ತುವ ಡಬ್ಬಿ, ಅಲ್ಲಿ ಉಳಿಸಿ. ಕೊಳ್ಳುವ ಮೊದಲು ತುದಿ ತುಂಡು ಬಿಡಿಯಾಗಿ ಸಿಗುತ್ತದೆಯಾ, ಇಲ್ಲಿಗೆ ಬರಲು ಎಷ್ಟು ದಿನ, ಕಸ್ಟಮ್ಸ್ ಯಾರು ಕಟ್ಟುತ್ತಾರೆ, ಇಷ್ಟನ್ನು ಬರಹದಲ್ಲಿ ಕೇಳಿ. ನನ್ನ ತುದಿ ಬರಲು ಮೂರು ತಿಂಗಳಾಯಿತು, ಬಂದಾಗ ಮೊದಲು ಬಂದದ್ದು ಬೇರೆ ರಾಡಿನದು.

ಉಪಯೋಗದ ಮಾತಾಯಿತು. ಇಷ್ಟದ ರಾಡ್ ಯಾವುದು ಅಂತ ಕೇಳಿದರೆ, ಏಳೂವರೆ ಅಡಿಯ, ಬೆಲ್ಲದ ಬಣ್ಣದ 4 ನಂಬರ್ ಫೈಬರ್‌ಗ್ಲಾಸ್. ಮಹಶೀರಿಗೆ ಆಗದು, ಗಾಳಿಗೆ ಆಗದು, ದೂರಕ್ಕೆ ಹೋಗದು. ವರ್ಷದಲ್ಲಿ ಮೂವತ್ತು ದಿನ ಹೊರಬರುವುದು ಅದೊಂದೇ.

ಕಳೆದ ಬೇಸಗೆಯಲ್ಲಿ ಮಾವ ಬೆಂಗಳೂರಿಗೆ ಬಂದಿದ್ದರು. ಮಹಶೀರ್ ಹಿಡಿದು ಬಿಡುತ್ತೇವೆ ಎಂದು ಕೇಳಿದಾಗಿನಿಂದ ಅವರಿಗೆ ನನ್ನ ಮೇಲೆ ಅಸಮಾಧಾನ. "ಇಷ್ಟು ದುಡ್ಡು ಸುರ್ದು ಕೋಲು ತಂದು, ಹಿಡ್ದ ಮೀನ್ನ ಮತ್ತೆ ನೀರಿಗೇ ಬಿಡದಾ ಮಾರಾಯಾ?" ಅವರನ್ನು ಕನಕಪುರ ರಸ್ತೆಯ ಹೊಂಡಕ್ಕೆ ಕರೆದುಕೊಂಡು ಹೋಗಿ ಆ 4 ನಂಬರ್ ಕೈಗೆ ಕೊಟ್ಟೆ. ಬೀಸುವ ಪಾಠ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ವಾಟೆ ಕೋಲಿನ ಹಾಗೆ ಕೆಳಗಿನಿಂದ ಒಮ್ಮೆ ತೂಗಿ, ಐದು ಮೀಟರ್ ಆಚೆ ಗುಂಡಿಯ ಮೇಲೆ ಸದ್ದಿಲ್ಲದೆ ಇಳಿಸಿದರು. ರಾಡ್ ಹಿಡಿಯವರೆಗೆ ಬಾಗಿತು. ಜಿಲೇಬಿ, ಅರ್ಧ ಕಿಲೋ ಇದ್ದಿರಬಹುದು. ಕೊಕ್ಕೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ಅನುಮಾನದಿಂದ ನೋಡಿದರು.

"ಇದ್ನೂ ಬಿಡ್ಬೇಕಾ?"

"ಜಿಲೇಬಿ ಬಿಡೋದು ಬೇಡ ಮಾವ."

ಮೀನು ಕವರಿಗೆ ಹೋಯಿತು. ರಾಡ್ ಸಂಜೆವರೆಗೂ ನನ್ನ ಕೈಗೆ ಬರಲಿಲ್ಲ.